ತೀರ್ಪು ಬಂದರೂ ಕಳಸಾ-ಬಂಡೂರಿ ನೀರು ಹುಬ್ಬಳ್ಳಿ-ಧಾರವಾಡಕ್ಕೆ ಯಾಕೆ ಬಂದಿಲ್ಲ?

ನೀರಿನ ಪಾಲು ಸಿಕ್ಕಿದೆ, ಕಾಡಿನಲ್ಲಿ ಕೆಲಸ ಮಾಡುವ ಅನುಮತಿ ಸಿಕ್ಕಿಲ್ಲ. ಇಷ್ಟೇ ಉತ್ತರ.

ಕಳಸಾ, ಬಂಡೂರಿ ಎರಡೂ ಮಹದಾಯಿ ನದಿಗೆ ಸೇರುವ ಹಳ್ಳಗಳು. ಈ ನದಿಯ ನೀರು ಹಂಚಲು ಕೂತ ಮಹದಾಯಿ ನ್ಯಾಯಮಂಡಳಿ, ನಮ್ಮೂರಿಗೆ ನೀರು ಕೊಡುವ ಮಲಪ್ರಭಾ ನದಿಗೆ ತಿರುಗಿಸಲು 2018ರಲ್ಲಿ ಕೊಟ್ಟಿದ್ದು 3.9 ಟಿಎಂಸಿ: ಕಳಸಾದಿಂದ 1.72, ಬಂಡೂರಿಯಿಂದ 2.18. (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ.) ಪೇಪರಿನಲ್ಲಿ ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಅಂತ ಓದಿರುತ್ತೀರಿ, ಅಲ್ವಾ? ಅದರಲ್ಲಿ 8.02 ಟಿಎಂಸಿ ಕರೆಂಟ್ ತಯಾರಿಸಿ ಮತ್ತೆ ನದಿಗೇ ಬಿಡಬೇಕಾದ ನೀರು. ಕುಡಿಯಲು ಬರುವಂಥದ್ದಲ್ಲ.

ಈ ಹಳ್ಳಗಳು ಹುಟ್ಟುವುದು ಖಾನಾಪುರ ತಾಲ್ಲೂಕಿನ ಘಟ್ಟದ ಕಾಡಿನಲ್ಲಿ, ನೀರು ಹೋಗುವುದು ಗೋವಾ ಕಡೆಗೆ. ಪೂರ್ವಕ್ಕೆ ತಿರುಗಿಸಬೇಕೆಂದರೆ ಕಾಡಿನೊಳಗೇ ಒಡ್ಡು ಕಟ್ಟಬೇಕು, ಪೈಪು ಹಾಕಬೇಕು. ಹಾಗಾಗಿ 2020ರಲ್ಲಿ ತೀರ್ಪಿನ ಅಧಿಸೂಚನೆ ಬಂದರೂ, 2022ರ ಕೊನೆಗೆ ಕೇಂದ್ರ ಜಲ ಆಯೋಗ ಯೋಜನಾ ವರದಿ ಒಪ್ಪಿದರೂ, ಅರಣ್ಯ ಮತ್ತು ವನ್ಯಜೀವಿ ಅನುಮತಿ ಬೇರೆಯೇ ಬಾಗಿಲು. ಗೋವಾ ಸುಪ್ರೀಂ ಕೋರ್ಟಿಗೂ ಹೋಗಿದೆ.

ನರಗುಂದದ ರೈತರು 2015ರಲ್ಲಿ ಧರಣಿ ಕೂತಿದ್ದು ಸುಮ್ನೆ ಅಲ್ಲ. ಮಲಪ್ರಭೆಯ ನವಿಲುತೀರ್ಥ ಜಲಾಶಯ ಎಷ್ಟೋ ವರ್ಷ ತುಂಬುವುದೇ ಇಲ್ಲ. ಅವರ ಹೊಲಕ್ಕೂ ನಮ್ಮ ನಲ್ಲಿಗೂ ಅದೇ ನೀರು.