ಒಳ್ಳೆ ರನ್ನಿಂಗ್ ಬ್ಯಾಕ್ ಕೊಟ್ಟು ಕ್ವಾರ್ಟರ್‌ಬ್ಯಾಕ್ ತರುವುದು ಸರಿಯಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಎನ್‌ಎಫ್‌ಎಲ್‌ನಲ್ಲಿ, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ವೃತ್ತಿಪರ ಲೀಗ್‌ನಲ್ಲಿ, ನಿಮ್ಮ ಮೆಚ್ಚಿನ ತಂಡದಲ್ಲಿ ಒಬ್ಬ ಒಳ್ಳೆ ರನ್ನಿಂಗ್ ಬ್ಯಾಕ್ (ಬಾಲ್ ಹಿಡಿದು ಓಡುವವನು) ಇದ್ದಾನೆ, ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆದು ಆಟ ನಡೆಸುವವನು) ಮಾತ್ರ ಸರಿಯಿಲ್ಲ. ಆ ರನ್ನಿಂಗ್ ಬ್ಯಾಕ್‌ನನ್ನು ಬೇರೆ ತಂಡಕ್ಕೆ ಕೊಟ್ಟು ಒಳ್ಳೆ ಕ್ವಾರ್ಟರ್‌ಬ್ಯಾಕ್ ತರಬಹುದಾ ಅಂತ ಕೇಳಿದ್ದೀರಿ.

ನಿಜವಾಗಲೂ ಒಳ್ಳೆ ಕ್ವಾರ್ಟರ್‌ಬ್ಯಾಕ್ ಸಿಗುವುದಾದರೆ ಕಣ್ಣು ಮುಚ್ಚಿಕೊಂಡು ಕೊಟ್ಟುಬಿಡಿ. ಆದರೆ ಸಿಗುವುದಿಲ್ಲ. ಯಾರ ಹತ್ತಿರ ಒಳ್ಳೆ ಕ್ವಾರ್ಟರ್‌ಬ್ಯಾಕ್ ಇದ್ದಾನೋ ಅವರು ಒಬ್ಬ ರನ್ನಿಂಗ್ ಬ್ಯಾಕ್‌ಗಾಗಿ ಅವನನ್ನು ಬಿಟ್ಟುಕೊಡುವುದಿಲ್ಲ. 2021ರಲ್ಲಿ ಡೆಟ್ರಾಯಿಟ್‌ನಿಂದ ಮ್ಯಾಥ್ಯೂ ಸ್ಟ್ಯಾಫರ್ಡ್‌ನನ್ನು ತರಲು ಲಾಸ್ ಏಂಜಲೀಸ್ ರ‍್ಯಾಮ್ಸ್ ಏನು ಕೊಟ್ಟಿತು ನೋಡಿ: ತನ್ನದೇ ಕ್ವಾರ್ಟರ್‌ಬ್ಯಾಕ್ ಜಾರೆಡ್ ಗಾಫ್, ಅದರ ಮೇಲೆ ಎರಡು ಮೊದಲ ಸುತ್ತಿನ ಪಿಕ್, ಒಂದು ಮೂರನೇ ಸುತ್ತಿನ ಪಿಕ್. ಪಿಕ್ ಅಂದರೆ ವರ್ಷಕ್ಕೊಮ್ಮೆ ನಡೆಯುವ ಡ್ರಾಫ್ಟ್‌ನಲ್ಲಿ ಹೊಸ ಆಟಗಾರನನ್ನು ಆರಿಸುವ ಸರದಿ; ಸರದಿ ಮುಂದಿದ್ದಷ್ಟೂ ಬೆಲೆ ಜಾಸ್ತಿ. ಆ ಸೀಸನ್‌ನಲ್ಲೇ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದಿತು, ಅದು ಬೇರೆ ಮಾತು. ಬೆಲೆ ಆ ಮಟ್ಟದ್ದು ಅಂತ ಹೇಳಿದೆ.

ಹಾಗಾಗಿ ರನ್ನಿಂಗ್ ಬ್ಯಾಕ್ ಕೊಟ್ಟರೆ ನಿಮ್ಮ ಕೈಗೆ ಬರುವುದು ಡ್ರಾಫ್ಟ್ ಪಿಕ್. ಆ ಪಿಕ್ ಹಿಡಿದುಕೊಂಡು ನೀವೇ ಕಾಲೇಜಿನಿಂದ ಬರುವ ಒಬ್ಬ ಹುಡುಗನನ್ನು ಆರಿಸಬೇಕು. ಸರಿಯಾದವನನ್ನು ಆರಿಸಲು ನಿಮ್ಮ ತಂಡಕ್ಕೆ ಬರುತ್ತದಾ, ಆರಿಸಿದವನನ್ನು ಉಳಿಸಿಕೊಳ್ಳಲು ಬರುತ್ತದಾ, ಇದೇ ನಿಜವಾದ ಪ್ರಶ್ನೆ. ನಾನು ಶಾರ್ಲೆಟ್‌ನಲ್ಲಿ ಇರುವವನು, ಕ್ಯಾರೊಲೈನಾ ಪ್ಯಾಂಥರ್ಸ್ ಅಭಿಮಾನಿ. ಈ ವ್ಯಾಪಾರ ನಮ್ಮ ಊರಿನಲ್ಲೇ ನಡೆದಿದೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ರನ್ನಿಂಗ್ ಬ್ಯಾಕ್ ಕ್ರಿಶ್ಚಿಯನ್ ಮೆಕ್ಯಾಫ್ರಿ ನಮ್ಮವನಾಗಿದ್ದ. 2019ರಲ್ಲಿ ಒಂದೇ ಸೀಸನ್‌ನಲ್ಲಿ ಓಡಿ ಸಾವಿರ ಯಾರ್ಡ್, ಕ್ಯಾಚ್ ಹಿಡಿದು ಸಾವಿರ ಯಾರ್ಡ್ ಮಾಡಿದ. ಲೀಗ್‌ನ ಇತಿಹಾಸದಲ್ಲೇ ಅದಕ್ಕೆ ಮುಂಚೆ ಇದನ್ನು ಮಾಡಿದವರು ಇಬ್ಬರೇ, ರೋಜರ್ ಕ್ರೇಗ್ ಮತ್ತು ಮಾರ್ಷಲ್ ಫಾಕ್. 2020ರಲ್ಲಿ ತಂಡ ಅವನಿಗೆ ವರ್ಷಕ್ಕೆ 16 ಮಿಲಿಯನ್ ಡಾಲರ್ ಲೆಕ್ಕದಲ್ಲಿ ನಾಲ್ಕು ವರ್ಷ ಒಪ್ಪಂದ ಮುಂದುವರಿಸಿತು. ಆ ವರ್ಷ ಗಾಯದಿಂದ ಮೂರೇ ಪಂದ್ಯ ಆಡಿದ. ಮುಂದಿನ ವರ್ಷ ಏಳು. ತಂಡ ಸೋಲುತ್ತಲೇ ಇತ್ತು. 2022ರ ಅಕ್ಟೋಬರ್‌ನಲ್ಲಿ ಅವನನ್ನು ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್‌ಗೆ ಕೊಟ್ಟರು. ಬಂದದ್ದು ಎರಡನೇ, ಮೂರನೇ, ನಾಲ್ಕನೇ ಸುತ್ತಿನ ಒಂದೊಂದು ಪಿಕ್, ಮತ್ತೆ 2024ರ ಐದನೇ ಸುತ್ತಿನದು.

ಆ ದಿನ ಊರಿನಲ್ಲಿ ಬೇಜಾರಾಗದ ಅಭಿಮಾನಿ ಇರಲಿಲ್ಲ. ಆದರೂ ಹೇಳುತ್ತೇನೆ, ಟ್ರೇಡ್ ತಪ್ಪಲ್ಲ. ಗೆಲ್ಲದ ತಂಡದಲ್ಲಿ ದುಬಾರಿ ರನ್ನಿಂಗ್ ಬ್ಯಾಕ್ ಇದ್ದು ಪ್ರಯೋಜನ ಕಡಿಮೆ. ಎಡವಟ್ಟಾದದ್ದು ಆಮೇಲೆ. 2023ರ ಮಾರ್ಚ್‌ನಲ್ಲಿ ಮೊಟ್ಟಮೊದಲ ಪಿಕ್ ಬೇಕು ಅಂತ ಶಿಕಾಗೋ ಬೇರ್ಸ್ ಜೊತೆ ಇನ್ನೊಂದು ವ್ಯಾಪಾರ ಮಾಡಿದರು. ಕೊಟ್ಟದ್ದು 9ನೇ ಪಿಕ್, 61ನೇ ಪಿಕ್, 2024ರ ಮೊದಲ ಸುತ್ತಿನ ಪಿಕ್, 2025ರ ಎರಡನೇ ಸುತ್ತಿನ ಪಿಕ್, ಸಾಲದ್ದಕ್ಕೆ ನಮ್ಮ ಅತ್ಯುತ್ತಮ ರಿಸೀವರ್ (ಪಾಸ್ ಹಿಡಿಯುವವನು) ಡಿ.ಜೆ. ಮೂರ್. ಇದರಲ್ಲಿ ಆ 61ನೇ ಪಿಕ್ ಇದೆಯಲ್ಲ, ಅದೇ ಮೆಕ್ಯಾಫ್ರಿಗೆ ಬದಲಾಗಿ ಬಂದದ್ದು. ಅಂದರೆ ನೀವು ಕೇಳಿದ್ದನ್ನೇ ಪ್ಯಾಂಥರ್ಸ್ ಮಾಡಿತು: ರನ್ನಿಂಗ್ ಬ್ಯಾಕ್ ಹೋದ, ಅವನ ಬೆಲೆಯ ಒಂದು ಭಾಗ ಕ್ವಾರ್ಟರ್‌ಬ್ಯಾಕ್‌ಗೆ ಸೇರಿತು.

ಬಂದವನು ಬ್ರೈಸ್ ಯಂಗ್. ಎತ್ತರ ಕಡಿಮೆ, ಆದರೆ ಮೈದಾನ ಓದುವ ಕಣ್ಣು ಚುರುಕು. ಅವನನ್ನು ಕಾಯಲು ಮುಂದೆ ನಿಂತ ಐವರ ಲೈನ್ ಮಾತ್ರ ಜಾಳು ಜಾಳು. ಮೊದಲ ಸೀಸನ್‌ನಲ್ಲಿ ಅವನು 62 ಸಲ ಸ್ಯಾಕ್ ಆದ. ಬಾಲ್ ಎಸೆಯುವ ಮುಂಚೆಯೇ ಅಷ್ಟು ಸಲ ನೆಲಕ್ಕೆ ಬಿದ್ದ ಅಂತ ಅರ್ಥ. ಪಾಕೆಟ್‌ನಲ್ಲಿ, ಅಂದರೆ ಲೈನ್ ಕಾಯುವ ಆ ಜಾಗದಲ್ಲಿ, ಕಾಲೂರಿ ನಿಲ್ಲುವುದನ್ನೇ ಬಿಟ್ಟು, ಯಾರೂ ಮೇಲೆ ಬರದಿದ್ದಾಗಲೂ ಹಿಂದಕ್ಕೆ ಸರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತಿತ್ತು. ತಂಡ 17 ಪಂದ್ಯದಲ್ಲಿ ಗೆದ್ದದ್ದು 2. ಹಾಗೆ ಕೊನೆಗೆ ಬಿದ್ದಿದ್ದರಿಂದ, ನಾವು ಕೊಟ್ಟಿದ್ದ 2024ರ ಪಿಕ್ ಮೊಟ್ಟಮೊದಲ ಪಿಕ್ ಆಗಿ ಕುಳಿತಿತು. ಅದರಲ್ಲಿ ಬೇರ್ಸ್‌ಗೆ ಕೇಲೆಬ್ ವಿಲಿಯಮ್ಸ್ ಸಿಕ್ಕ. ಅತ್ತ ಮೆಕ್ಯಾಫ್ರಿ 2023ರಲ್ಲಿ 1,459 ಯಾರ್ಡ್ ಓಡಿ ಇಡೀ ಲೀಗ್‌ಗೇ ಮೊದಲಿಗನಾದ, ತಂಡ ಸೂಪರ್ ಬೌಲ್‌ವರೆಗೆ ಹೋಯಿತು.

ಇಲ್ಲಿ ಒಂದು ವಿಷಯ ಗಮನಿಸಿ. ಆ ಸೂಪರ್ ಬೌಲ್‌ನಲ್ಲಿ ಫಾರ್ಟಿನೈನರ್ಸ್‌ನ ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ. 2022ರ ಡ್ರಾಫ್ಟ್‌ನಲ್ಲಿ ಕಟ್ಟಕಡೆಯ, 262ನೇ ಪಿಕ್. ಅದೇ ತಂಡ 2021ರಲ್ಲಿ ಟ್ರೇ ಲ್ಯಾನ್ಸ್ ಅನ್ನುವವನಿಗಾಗಿ ರಾಶಿ ಪಿಕ್ ಸುರಿದು ಮೂರನೇ ಸ್ಥಾನಕ್ಕೆ ಏರಿತ್ತು. ಎರಡೇ ವರ್ಷಕ್ಕೆ ಅವನನ್ನು ಒಂದು ನಾಲ್ಕನೇ ಸುತ್ತಿನ ಪಿಕ್‌ಗೆ ಡಲ್ಲಾಸ್‌ಗೆ ಕೊಟ್ಟುಬಿಟ್ಟರು. ಕ್ವಾರ್ಟರ್‌ಬ್ಯಾಕ್ ಆರಿಸುವುದರಲ್ಲಿ ಪಳಗಿದವರೂ ಹೀಗೆ ಎಡವುತ್ತಾರೆ.

ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಕಥೆ ಇದಕ್ಕಿಂತ ನೇರ. 2012ರಲ್ಲಿ ಮೂರನೇ ಪಿಕ್ ಬಳಸಿ ಟ್ರೆಂಟ್ ರಿಚರ್ಡ್‌ಸನ್ ಅನ್ನುವ ರನ್ನಿಂಗ್ ಬ್ಯಾಕ್ ತಂದರು. ಮರುವರ್ಷ ಸೀಸನ್ ಶುರುವಾಗಿ ಎರಡೇ ಪಂದ್ಯಕ್ಕೆ ಅವನನ್ನು ಇಂಡಿಯಾನಾಪೊಲಿಸ್ ಕೋಲ್ಟ್ಸ್‌ಗೆ ಕೊಟ್ಟು ಮೊದಲ ಸುತ್ತಿನ ಪಿಕ್ ಪಡೆದರು. ಆಗ ಎಲ್ಲರೂ ಭಲೇ ಅಂದರು. ಅವರ ಲೆಕ್ಕ ಸರಿಯೇ ಇತ್ತು, ರಿಚರ್ಡ್‌ಸನ್ ಕೋಲ್ಟ್ಸ್‌ಗೆ ಆ ವರ್ಷ ಓಡಿದ್ದು ಒಂದು ಓಟಕ್ಕೆ ಸರಾಸರಿ 2.9 ಯಾರ್ಡ್. ಆದರೆ ಬ್ರೌನ್ಸ್ ಆ ಪಿಕ್ ಬಳಸಿ 2014ರಲ್ಲಿ ನಾಲ್ಕು ಸ್ಥಾನ ಮೇಲೇರಿ ತಂದದ್ದು ಜಾನಿ ಮ್ಯಾನ್‌ಝೆಲ್ ಎಂಬ ಕ್ವಾರ್ಟರ್‌ಬ್ಯಾಕ್‌ನನ್ನು. 2016ರ ಮಾರ್ಚ್‌ನಲ್ಲಿ ಅವನನ್ನೂ ಬಿಟ್ಟು ಕಳಿಸಿದರು. ಕೊಟ್ಟವರಿಗೂ ದಕ್ಕಲಿಲ್ಲ, ಕೊಂಡವರಿಗೂ ದಕ್ಕಲಿಲ್ಲ.

ಹಾಗಾದರೆ ಕ್ವಾರ್ಟರ್‌ಬ್ಯಾಕ್‌ಗೆ ಯಾಕೆ ಇಷ್ಟು ಬೆಲೆ? ಹೆಚ್ಚುಕಡಿಮೆ ಪ್ರತಿ ಸ್ನ್ಯಾಪ್‌ನಲ್ಲೂ, ಅಂದರೆ ಆಟ ಶುರುವಾಗುವ ಪ್ರತಿ ಸಲವೂ, ಬಾಲ್ ಮೊದಲು ಅವನ ಕೈಗೇ ಬರುತ್ತದೆ, ಅಷ್ಟೇ. ಸಂಬಳ ನೋಡಿದರೂ ಗೊತ್ತಾಗುತ್ತದೆ. ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ ಒಪ್ಪಂದ ವರ್ಷಕ್ಕೆ 60 ಮಿಲಿಯನ್ ಡಾಲರ್. 2025ರಲ್ಲಿ ಸೇಕ್ವಾನ್ ಬಾರ್ಕ್ಲಿಗೆ ಸಿಕ್ಕ ಹೊಸ ಒಪ್ಪಂದ ವರ್ಷಕ್ಕೆ ಸುಮಾರು 20.6 ಮಿಲಿಯನ್, ಆಗ ರನ್ನಿಂಗ್ ಬ್ಯಾಕ್‌ಗಳಲ್ಲಿ ಅದೇ ದೊಡ್ಡದು. ರನ್ನಿಂಗ್ ಬ್ಯಾಕ್ ಬೇಗ ಸವೆಯುತ್ತಾನೆ. 30 ದಾಟಿ ಅದೇ ವೇಗದಲ್ಲಿ ಓಡುವವರು ಅಪರೂಪ.

ಹಾಗಂತ ರನ್ನಿಂಗ್ ಬ್ಯಾಕ್ ಅಂದರೆ ಬರೀ ಓಡುವವನು ಅಂದುಕೊಳ್ಳಬೇಡಿ. ಮೂರನೇ ಡೌನ್ (10 ಯಾರ್ಡ್ ದಾಟಲು ಸಿಗುವ ನಾಲ್ಕು ಅವಕಾಶಗಳಲ್ಲಿ ಮೂರನೆಯದು), ಇನ್ನೂ 8 ಯಾರ್ಡ್ ಬೇಕು ಅಂದುಕೊಳ್ಳಿ. ಎದುರಿನ ತಂಡದ ರಕ್ಷಣೆಯ ಆಟಗಾರ, ಲೈನ್‌ಬ್ಯಾಕರ್ ಒಬ್ಬ, ನಮ್ಮ ಲೈನ್‌ನ ಸೆಂಟರ್ ಮತ್ತು ಗಾರ್ಡ್ ನಡುವಿನ ಸಂದಿನಲ್ಲಿ ಬಂದು ನಿಲ್ಲುತ್ತಾನೆ. ಬರುತ್ತಾನಾ, ಹಿಂದೆ ಸರಿಯುತ್ತಾನಾ ಗೊತ್ತಿಲ್ಲ. ಸ್ನ್ಯಾಪ್ ಆಗುತ್ತಿದ್ದಂತೆ ನುಗ್ಗುತ್ತಾನೆ. ಐದು ಜನ ಲೈನ್‌ಮನ್‌ಗಳ ಕೈಯಲ್ಲೂ ಒಬ್ಬೊಬ್ಬರಿದ್ದಾರೆ. ಆಗ ರನ್ನಿಂಗ್ ಬ್ಯಾಕ್ ಕ್ವಾರ್ಟರ್‌ಬ್ಯಾಕ್‌ನ ಮುಂದೆ ಹಾದು, ಮಂಡಿ ಬಗ್ಗಿಸಿ, ತನಗಿಂತ ಎಷ್ಟೋ ಕೆಜಿ ಜಾಸ್ತಿ ಇರುವ ಆ ಆಳಿನ ಎದೆಗೆ ಎದೆ ಕೊಡುತ್ತಾನೆ. ಗೆಲ್ಲಬೇಕಾಗಿಲ್ಲ, ಒಂದು ಸೆಕೆಂಡ್ ತಡೆದರೆ ಸಾಕು. ಆ ಒಂದು ಸೆಕೆಂಡ್‌ನಲ್ಲಿ ಪಾಸ್ ಹೋಗುತ್ತದೆ. ಟೀವಿಯಲ್ಲಿ ಕ್ಯಾಮೆರಾ ಬಾಲ್ ಹಿಂದೆ ಹೋಗಿರುತ್ತದೆ, ಇವನು ಕಾಣುವುದೇ ಇಲ್ಲ. ಅನುಭವಿ ಬ್ಯಾಕ್‌ನನ್ನು ಕಳಿಸಿ, ಹೊಸ ಹುಡುಗನನ್ನು ಕ್ವಾರ್ಟರ್‌ಬ್ಯಾಕ್ ಮಾಡಿದರೆ, ಅವನಿಗೆ ಸಿಗಬೇಕಾದ ಈ ಕಾವಲನ್ನೇ ನೀವು ಮಾರಿದ ಹಾಗೆ.

ನ್ಯೂಯಾರ್ಕ್ ಜೈಂಟ್ಸ್ ಟ್ರೇಡ್ ಮಾಡಲಿಲ್ಲ, ಆದರೆ ಆಯ್ಕೆ ಇದೇ ಆಗಿತ್ತು. 2023ರ ಮಾರ್ಚ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್‌ಗೆ ನಾಲ್ಕು ವರ್ಷಕ್ಕೆ 160 ಮಿಲಿಯನ್ ಒಪ್ಪಿಕೊಂಡರು, ರನ್ನಿಂಗ್ ಬ್ಯಾಕ್ ಬಾರ್ಕ್ಲಿಗೆ ಒಂದೇ ವರ್ಷದ ಟ್ಯಾಗ್ (ಆಟಗಾರನನ್ನು ಒಂದು ವರ್ಷ ಹಿಡಿದಿಟ್ಟುಕೊಳ್ಳುವ ಹಕ್ಕು) ಹಾಕಿದರು. ಆ ವರ್ಷ ಬಾರ್ಕ್ಲಿ ಓಡಿದ್ದು 962 ಯಾರ್ಡ್. ಮುಂದಿನ ವರ್ಷ ಅವನು ಫಿಲಡೆಲ್ಫಿಯಾ ಈಗಲ್ಸ್‌ಗೆ ಹೋಗಿ ಲೇನ್ ಜಾನ್ಸನ್, ಜೋರ್ಡನ್ ಮೈಲಾಟಾ ಇರುವ ಲೈನ್ ಹಿಂದೆ 2,005 ಯಾರ್ಡ್ ಓಡಿದ, ಸೂಪರ್ ಬೌಲ್ ಗೆದ್ದ. ಜೋನ್ಸ್‌ನನ್ನು ಜೈಂಟ್ಸ್ 2024ರ ನವೆಂಬರ್‌ನಲ್ಲಿ ಬಿಟ್ಟಿತು. ನನ್ನ ಕಣ್ಣಿಗೆ ಇಲ್ಲಿ ಕಾಣುವುದು ಬಾರ್ಕ್ಲಿಗಿಂತ ಹೆಚ್ಚಾಗಿ ಆ ಲೈನ್.

ಎಲ್ಲ ಟ್ರೇಡ್‌ಗಳಲ್ಲಿ ದೊಡ್ಡದು 1989ರ ಹರ್ಷಲ್ ವಾಕರ್ ಎಂಬ ರನ್ನಿಂಗ್ ಬ್ಯಾಕ್‌ನ ಟ್ರೇಡ್. ಡಲ್ಲಾಸ್ ಕೌಬಾಯ್ಸ್ ಅವನನ್ನು ಮಿನೆಸೋಟಾ ವೈಕಿಂಗ್ಸ್‌ಗೆ ಕೊಟ್ಟು ಆಟಗಾರರನ್ನೂ ಪಿಕ್‌ಗಳನ್ನೂ ಬಾಚಿಕೊಂಡಿತು. ಆ ಪಿಕ್‌ಗಳ ಬಲದಿಂದ ಬಂದವರಲ್ಲಿ ರನ್ನಿಂಗ್ ಬ್ಯಾಕ್ ಎಮಿಟ್ ಸ್ಮಿತ್, ಡ್ಯಾರೆನ್ ವುಡ್‌ಸನ್ ಇದ್ದರು. 90ರ ದಶಕದಲ್ಲಿ ಮೂರು ಸೂಪರ್ ಬೌಲ್ ಗೆದ್ದರು. ಟ್ರೇಡ್ ಮಾಡು ಅನ್ನುವವರೆಲ್ಲ ಇದನ್ನೇ ತೋರಿಸುತ್ತಾರೆ. ಅವರು ಬಿಟ್ಟುಬಿಡುವ ವಿಷಯ ಒಂದಿದೆ. ಕ್ವಾರ್ಟರ್‌ಬ್ಯಾಕ್ ಟ್ರಾಯ್ ಏಕ್‌ಮನ್ ಆ ವರ್ಷದ ಏಪ್ರಿಲ್‌ನಲ್ಲೇ ಮೊದಲ ಪಿಕ್ ಆಗಿ ಡಲ್ಲಾಸ್‌ಗೆ ಬಂದಿದ್ದ. ವಾಕರ್‌ನನ್ನು ಮಾರಿದ್ದು ಕ್ವಾರ್ಟರ್‌ಬ್ಯಾಕ್ ತರಲಿಕ್ಕಲ್ಲ, ಇದ್ದ ಕ್ವಾರ್ಟರ್‌ಬ್ಯಾಕ್ ಸುತ್ತ ತಂಡ ಕಟ್ಟಲಿಕ್ಕೆ. ಕಟ್ಟಿದ್ದರಲ್ಲಿ ಇನ್ನೊಬ್ಬ ರನ್ನಿಂಗ್ ಬ್ಯಾಕ್ ಕೂಡ ಸೇರಿದ್ದ ಅಲ್ವಾ!

ನಮ್ಮ ಪ್ಯಾಂಥರ್ಸ್‌ಗೆ ಈ ಬುದ್ಧಿ ಒಂದು ವರ್ಷ ತಡವಾಗಿ ಬಂತು. 2024ರ ಮಾರ್ಚ್‌ನಲ್ಲಿ ರಾಬರ್ಟ್ ಹಂಟ್, ಡೇಮಿಯನ್ ಲೂಯಿಸ್ ಅನ್ನುವ ಇಬ್ಬರು ಗಾರ್ಡ್‌ಗಳಿಗೆ ದೊಡ್ಡ ದುಡ್ಡು ಸುರಿದರು, ಹಂಟ್‌ಗೆ ಒಬ್ಬನಿಗೇ ಐದು ವರ್ಷಕ್ಕೆ 100 ಮಿಲಿಯನ್. ಯಂಗ್‌ನನ್ನು ಎರಡು ಪಂದ್ಯದ ನಂತರ ಬೆಂಚ್‌ಗೆ ಕೂರಿಸಿದ್ದೂ ಅದೇ ವರ್ಷ. ಆದರೆ ಮತ್ತೆ ಇಳಿದಾಗ ಅವನು ಬೇರೆಯೇ ಹುಡುಗ, ಪಾಕೆಟ್‌ನಲ್ಲಿ ನಿಂತು ಮೈದಾನದ ಉದ್ದಕ್ಕೂ ಎಸೆಯುತ್ತಿದ್ದ. ಅದೇ ಲೈನ್ ಹಿಂದೆ ಚುಬಾ ಹಬ್ಬರ್ಡ್ 1,195 ಯಾರ್ಡ್ ಓಡಿದ. ಹಬ್ಬರ್ಡ್ ನಾಲ್ಕನೇ ಸುತ್ತಿನಲ್ಲಿ ಸಿಕ್ಕವನು. ರನ್ನಿಂಗ್ ಬ್ಯಾಕ್‌ನನ್ನು ಕೊಡಲು ಭಯಪಡಬೇಡಿ ಅಂತ ನಾನು ಹೇಳುವುದು ಇದನ್ನು ನೋಡಿಯೇ.

ಈಗ ನಿಮ್ಮ ತಂಡದ ಮಾತು. ಕ್ವಾರ್ಟರ್‌ಬ್ಯಾಕ್‌ನ ಬದಿಗಿಟ್ಟು ಮೊದಲು ಲೈನ್‌ನ ಐವರ ಹೆಸರು ಬರೆದುಕೊಳ್ಳಿ. ಅದರಲ್ಲಿ ಮೂವರಾದರೂ ಮುಂದಿನ ಎರಡು ಮೂರು ವರ್ಷ ನಂಬಬಹುದಾದವರು ಇದ್ದರೆ, ನಿಮ್ಮ ರನ್ನಿಂಗ್ ಬ್ಯಾಕ್ 26–27ರ ಆಸುಪಾಸಿನಲ್ಲಿದ್ದರೆ, ನವೆಂಬರ್‌ನ ಟ್ರೇಡ್ ಗಡುವಿಗೆ ಮುಂಚೆಯೇ ಕೊಡಿ. ಆಗ ಗೆಲ್ಲುವ ಆತುರದಲ್ಲಿರುವ ತಂಡ ಜಾಸ್ತಿ ಕೊಡುತ್ತದೆ. ಲೈನ್ ಇಲ್ಲದಿದ್ದರೂ ಕೊಡಬಹುದು, ಆದರೆ ಬಂದ ಪಿಕ್‌ನಲ್ಲಿ ಆ ವರ್ಷ ಲೈನ್‌ಗೆ ಒಬ್ಬ ಟ್ಯಾಕಲ್‌ನನ್ನೋ ಗಾರ್ಡ್‌ನನ್ನೋ ತನ್ನಿ. ಆ ವರ್ಷವೇ ಕ್ವಾರ್ಟರ್‌ಬ್ಯಾಕ್ ಬೇಕು ಅಂತ ಮುಂದಿನ ವರ್ಷದ ಮೊದಲ ಸುತ್ತಿನ ಪಿಕ್ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ.