ಕಡಲ ಹತ್ತಿರ ಟೆಂಟು, ಜೊತೆಗೆ ನಾಯಿ: ಮೊದಲು ತೋಟದಲ್ಲಿ ಒಂದು ರಾತ್ರಿ ಮಲಗಿ ನೋಡಿ

ಸಾರ್, ಡಿಸೆಂಬರ್ ರಜೆಯಲ್ಲಿ ಮನೆಯವರು, ಎರಡು ಮಕ್ಕಳು, ಲ್ಯಾಬ್ರಡಾರ್ ನಾಯಿ ಸಮೇತ ತುಮಕೂರಿಂದ ಹೋಗಿ ಮಂಗಳೂರಿನ ಪಣಂಬೂರು ಬೀಚಿನಲ್ಲಿ ಎರಡು ರಾತ್ರಿ ಟೆಂಟ್ ಹಾಕಬಹುದಾ, ಬೆಕ್ಕನ್ನೂ ಕರೆದುಕೊಂಡು ಹೋಗಬಹುದಾ ಅಂತ ಕೇಳಿದ್ದೀರಿ. ಹೋಗಿ ಬನ್ನಿ. ಆದರೆ ಪಣಂಬೂರಿನ ಮರಳಿನ ಮೇಲೆ ಮಾತ್ರ ಬೇಡ.

ಅದು ಬಂದರಿನ ಪಕ್ಕದ ಬೀಚು. ರಜೆಯಲ್ಲಿ ಜನವೋ ಜನ. ತಿಂಡಿ ಅಂಗಡಿ ಇದ್ದ ಕಡೆ ಬೀದಿ ನಾಯಿಗಳೂ ಇರುತ್ತವೆ. ರಾತ್ರಿ ಅಲ್ಲಿ ಉಳಿಯೋಕೆ ಬಿಡ್ತಾರೆ ಅಂತ ನಂಬಿಕೊಂಡು ಮಕ್ಕಳನ್ನು ಕಟ್ಟಿಕೊಂಡು ಹೋಗಬೇಡಿ. ಉಡುಪಿ ಜಿಲ್ಲೆಯ ಪಡುಬಿದ್ರಿ ಬೀಚು ಚೆನ್ನಾಗಿದೆ, ನಿಜ. ಆದರೆ 2020ರಲ್ಲಿ ಅದಕ್ಕೆ ಬ್ಲೂ ಫ್ಲ್ಯಾಗ್, ಅಂದರೆ ಶುಚಿಯಾದ, ಸುರಕ್ಷಿತ ಬೀಚುಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಸಿಕ್ಕಿದೆ. ಬ್ಲೂ ಫ್ಲ್ಯಾಗ್ ಬೀಚುಗಳಲ್ಲಿ ಸಾಕುಪ್ರಾಣಿಗಳ ವಿಚಾರದಲ್ಲಿ ಬಿಗಿ ಜಾಸ್ತಿ. ಸುರತ್ಕಲ್ ದಾಟಿ ಸಸಿಹಿತ್ಲು, ಮೂಲ್ಕಿ ಕಡೆ ಬೀಚಿನ ಹಿಂದೆಯೇ ಇರುವ ಹೋಮ್‌ಸ್ಟೇ ನೋಡಿ, ಅವರ ಕಾಂಪೌಂಡಿನೊಳಗೆ ಟೆಂಟ್ ಹಾಕಿ. ಫೋನಿನಲ್ಲಿ 'ನಾಯಿ ತರಬಹುದಾ' ಅಂತ ಕೇಳಿದರೆ ಸಾಲದು. ಕಾಂಪೌಂಡ್ ಪೂರ್ತಿ ಇದೆಯಾ, ಟೆಂಟ್ ಹತ್ತಿರ ಸಿಹಿನೀರಿನ ನಲ್ಲಿ ಇದೆಯಾ, ಅವರ ಮನೆ ನಾಯಿಯನ್ನು ರಾತ್ರಿ ಬಿಡ್ತಾರಾ? ಈ ಮೂರನ್ನೂ ಕೇಳಿ.

ಮೂರನೇ ಪ್ರಶ್ನೆ ಕೇಳದೆ ಕೆಟ್ಟವನು ನಾನು. ನಮ್ಮ ಕರಿಯ ನಾಟಿ ನಾಯಿ, ಇಪ್ಪತ್ತು ಕೆಜಿ ಇದ್ದಾನೆ. ಅವನ ಸರಪಳಿಯನ್ನು ಟೆಂಟಿನ ಗೂಟಕ್ಕೇ ಸಿಕ್ಕಿಸಿ ಮಲಗಿದ್ದೆ. ರಾತ್ರಿ ಎರಡು ಗಂಟೆಗೆ ಹೋಮ್‌ಸ್ಟೇಯವರ ನಾಯಿ ಬಂದು ಮೂಸಿತು. ಕರಿಯ ಗೂಟ, ಹಗ್ಗ, ಟೆಂಟಿನ ಅರ್ಧ ಬಟ್ಟೆ ಎಲ್ಲ ಎಳೆದುಕೊಂಡು ಓಡಿದ. ಒಳಗೆ ಹೆಂಡತಿ, ಮಗಳು ಆಕಾಶ ನೋಡ್ತಾ ಕೂತಿದ್ದರು. ಆ ರಾತ್ರಿಯ ಮಾತು ಮನೆಯಲ್ಲಿ ಇನ್ನೂ ಮುಗಿದಿಲ್ಲ.

ನಮ್ಮ ಕೆಂಪು ಮಣ್ಣಿನಲ್ಲಿ ಹೊಡೆದ ಗೂಟ ಕೀಳೋಕೆ ಹಾರೆ ಬೇಕು. ಮರಳಿನಲ್ಲಿ ಎರಡು ಬೆರಳು ಸಾಕು. ಅದಕ್ಕೇ ನಾಲ್ಕೈದು ಖಾಲಿ ಹಿಂಡಿ ಚೀಲ ಇಟ್ಟುಕೊಂಡು ಹೋಗಿ. ಅದಕ್ಕೆ ಮರಳು ತುಂಬಿ, ಬಾಯಿಗೆ ಹಗ್ಗ ಕಟ್ಟಿ, ಮೊಣಕಾಲುದ್ದ ಗುಂಡಿಯಲ್ಲಿ ಹೂತರೆ ಟೆಂಟ್ ಅಲ್ಲಾಡಲ್ಲ. ನಾಯಿಯನ್ನು ಬೇರೆ ಮರಕ್ಕೆ ಕಟ್ಟಿ. ತೆಂಗಿನ ಮರದ ಕೆಳಗೆ ಟೆಂಟ್ ಬೇಡ ಅಂತ ತೆಂಗಿಗೆ ಹೆಸರಾದ ತಿಪಟೂರು ಇರುವ ನಮ್ಮ ಜಿಲ್ಲೆಯವರಿಗೇ ಹೇಳೋದು ನಗೆಪಾಟಲು. ಆದರೂ ನೆರಳು ಕಂಡರೆ ಮರೆತುಹೋಗುತ್ತೆ, ಅಲ್ವಾ?

ನಾವು ಕೆರೆ ನೋಡಿ ಬೆಳೆದವರು. ಸಂಜೆ ಎಲ್ಲಿತ್ತೋ ಬೆಳಿಗ್ಗೆಯೂ ನೀರು ಅಲ್ಲೇ ಇರುತ್ತೆ. ಕಡಲು ಹಾಗಲ್ಲ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಹೊತ್ತು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಇನ್ನೂ ಮೇಲೆ ಬರುತ್ತೆ. ಸುಮ್ನೆ ಚಾಪೆ ಹಾಸಿ ಕೂರೋಕೂ ಉಬ್ಬರ ತಂದುಹಾಕಿದ ಕಸ ಕಡ್ಡಿ ಗೆರೆಯಾಗಿ ನಿಂತಿರುತ್ತಲ್ಲ, ಅದಕ್ಕಿಂತ ಮೇಲೆ ಜಾಗ ಹಿಡಿಯಿರಿ. ಸಸಿಹಿತ್ಲಿನಲ್ಲಿ ಶಾಂಭವಿ, ನಂದಿನಿ ನದಿಗಳು ಕಡಲು ಸೇರುತ್ತವೆ. ನದಿ ಕಡೆ ನೀರು ತಣ್ಣಗೆ ಮಲಗಿದ ಹಾಗೆ ಕಾಣುತ್ತೆ. ಆದರೆ ನದಿ ಕಡಲು ಸೇರುವ ಅಳಿವೆ ಬಾಗಿಲಲ್ಲಿ ಸೆಳೆತ ಕೆಟ್ಟದ್ದು. ಮಕ್ಕಳನ್ನೂ ನಾಯಿಯನ್ನೂ ಅಲ್ಲಿ ಇಳಿಸಲೇಬೇಡಿ.

ಲ್ಯಾಬ್ರಡಾರ್ ಅಂದಿರಲ್ಲ, ನನಗೆ ಹೆದರಿಕೆ ಇರೋದು ಉಪ್ಪುನೀರಿನದು. ಅಲೆಯೊಳಗೆ ಚೆಂಡು ಎಸೆದರೆ ಅದು ಸಾಕು ಅನ್ನುವ ಜಾತಿ ಅಲ್ಲ. ಪ್ರತಿ ಸಲ ಚೆಂಡು ಕಚ್ಚುವಾಗಲೂ ಒಂದು ಗುಟುಕು ಉಪ್ಪುನೀರು ಒಳಗೆ ಹೋಗುತ್ತೆ. ಮೊದಲು ಭೇದಿ, ವಾಂತಿ. ಜಾಸ್ತಿಯಾದರೆ ತೂರಾಡುತ್ತೆ, ಫಿಟ್ಸ್ ಬರುತ್ತೆ, ಜೀವಕ್ಕೇ ಅಪಾಯ. ಆ ಹಂತದಲ್ಲಿ ಮನೆ ಮದ್ದು ಮಾಡುತ್ತಾ ಕೂರದೆ ಸೀದಾ ಡಾಕ್ಟರ ಹತ್ತಿರ ಓಡಿ. ಹತ್ತು ನಿಮಿಷ ಆಟ, ಆಮೇಲೆ ಬಟ್ಟಲಲ್ಲಿ ಸಿಹಿನೀರು, ಸ್ವಲ್ಪ ನೆರಳು, ಮತ್ತೆ ಆಟ. ನಾಯಿಗೇ ಅಂತ ಐದು ಲೀಟರಿನ ಕ್ಯಾನ್ ಬೇರೆ ಇಡಿ. ಸಂಜೆ ನಲ್ಲಿ ನೀರಲ್ಲಿ ಬೆರಳ ಸಂದು, ಹೊಟ್ಟೆ, ಕಿವಿ ಹಿಂದೆ ತೊಳೆಯಿರಿ. ಉಪ್ಪು, ಮರಳು ಉಳಿದರೆ ರಾತ್ರಿಯೆಲ್ಲ ಕೆರೆದುಕೊಳ್ಳುತ್ತೆ.

ಬಿಸಿಲೇರಿದ ಮೇಲೆ ಮರಳಿಗೆ ಇಳಿಸುವ ಮೊದಲು ಅಂಗೈ ಇಟ್ಟು ನೋಡಿ. ನಿಮಗೆ ಸುಟ್ಟರೆ ಅದರ ಪಾದಕ್ಕೂ ಸುಡುತ್ತೆ. ದಡದಲ್ಲಿ ನಿಂತು ಕೈಯಲ್ಲೇ ಎಳೆಯುವ ಕೈರಂಪಣಿ ಬಲೆ ಹಾಕುವ ಕಡೆ ಬೇಡದ ಮೀನು ದಡದಲ್ಲೇ ಬಿದ್ದಿರುತ್ತೆ. ಅದರಲ್ಲಿ ಚೆಂಡಿನ ಹಾಗೆ ಉಬ್ಬುವ ಪಫರ್ ಮೀನು ಇದ್ದರೆ ಸತ್ತ ಮೇಲೂ ವಿಷವೇ. ಗಾಳ, ಹರಿದ ಬಲೆಯೂ ಇರುತ್ತೆ. ಹಗ್ಗ ಗಿಡ್ಡ ಇರಲಿ. ಇನ್ನೊಂದು ವಿಷಯ, ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆ ಮೊಟ್ಟೆ ಇಡೋಕೆ ಮರಳಿಗೆ ಬರುತ್ತೆ. ಕತ್ತಲಾದ ಮೇಲೆ ನಾಯಿ ಬೀಚಿಗೆ ಬೇಡ, ದೊಡ್ಡ ಟಾರ್ಚೂ ಬೇಡ.

ಇಷ್ಟೆಲ್ಲಕ್ಕಿಂತ ಮುಂಚೆ ಒಂದು ಕೆಲಸ ಮಾಡಿ. ಹೊರಡುವ ಎರಡು ವಾರ ಮೊದಲು ನಿಮ್ಮದೋ ನೆಂಟರದೋ ತೋಟದಲ್ಲಿ ಟೆಂಟ್ ಹಾಕಿ ಎಲ್ಲರೂ ಒಂದು ರಾತ್ರಿ ಮಲಗಿ. ನಾಯಿಗೆ ಟೆಂಟಿನ ಜಿಪ್ ಸದ್ದು, ಒಳಗಿನ ಇಕ್ಕಟ್ಟು ಎಲ್ಲ ಹೊಸದು. ಬೊಗಳುವುದಿದ್ದರೆ ಅಲ್ಲೇ ಬೊಗಳಿ ಮುಗಿಸಲಿ. ಮಕ್ಕಳು ಹನ್ನೊಂದು ಗಂಟೆಗೆ 'ಮನೆಗೆ ಹೋಗೋಣ' ಅಂದರೆ ತುಮಕೂರಿನ ಪಕ್ಕದ ಗುಬ್ಬಿಯಿಂದಾದರೆ ವಾಪಸ್ ಬರಬಹುದು, ಮೂಲ್ಕಿಯಿಂದ ಆಗಲ್ಲ.

ದಾರಿ ಕುಣಿಗಲ್, ಯಡಿಯೂರು, ಹಾಸನ, ಸಕಲೇಶಪುರ, ಶಿರಾಡಿ ಘಾಟಿ. ಸುಮಾರು 300 ಕಿ.ಮೀ. ಬೆಳಗಿನ ಜಾವ ನಾಲ್ಕಕ್ಕೆ ಬಿಡಿ. ನಾಯಿಗೆ ಹಿಂದಿನ ರಾತ್ರಿಯೇ ಊಟ ಮುಗಿಸಿ, ಘಾಟಿ ಇಳಿಯುವ ತನಕ ಬರೀ ನೀರು ಕೊಡಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ. ರೇಬಿಸ್ ಲಸಿಕೆ ಕಾರ್ಡು ಡ್ಯಾಶ್‌ಬೋರ್ಡಿನಲ್ಲಿರಲಿ.

ಬೆಕ್ಕು ಬೇಡ ಸಾರ್. ಅದಕ್ಕೆ ಕಡಲೂ ಬೇಡ, ನಾವೂ ಬೇಡ, ಮನೆ ಇದ್ದರೆ ಸಾಕು. ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ಎರಡು ಹೊತ್ತು ಊಟ ಹಾಕೋಕೆ ಹೇಳಿ.