ಕಾರು ಬಿಟ್ಟು ಬಾದಾಮಿಗೆ

ಪ್ರಶ್ನೆ: ಬಾಗಲಕೋಟೆಯ ನವನಗರದಲ್ಲಿರುವ ನಾವು ಕಾರಿನ ಓಡಾಟ ಕಡಿಮೆ ಮಾಡಲು ನಿಶ್ಚಯಿಸಿದ್ದೇವೆ. ಆದರೆ ಮಕ್ಕಳಿಗೆ ಗುಡ್ಡ, ಕೆರೆ ತೋರಿಸುವ ಭಾನುವಾರಗಳನ್ನು ಬಿಡಲು ಮನಸ್ಸಿಲ್ಲ. ಏನು ಮಾಡೋಣ?

ಉತ್ತರ: ಖಂಡಿತ ಬಿಡಬೇಡಿ, ತಾಯಿ. ಐಹೊಳೆ, ಪಟ್ಟದಕಲ್ಲು, ಬಾದಾಮಿಗಳನ್ನು ಒಂದೇ ದಿನ ಕಾರಿನಲ್ಲಿ ಸುತ್ತುವುದಕ್ಕಿಂತ ಒಂದೇ ಸ್ಥಳದಲ್ಲಿ ಇಡೀ ದಿನ ಕಳೆಯುವುದೇ ಮಕ್ಕಳಿಗೆ ಹಿತವೆಂದು ನನ್ನ ದೃಢವಾದ ಅಭಿಪ್ರಾಯ. ಬಾದಾಮಿಗೆ ರೈಲಿದೆ, ನಿಲ್ದಾಣದಿಂದ ಊರು ಸುಮಾರು 5 ಕಿ.ಮೀ. ದೂರವಿರುವುದರಿಂದ ಅಷ್ಟಕ್ಕೆ ಆಟೋ ಹಿಡಿಯಿರಿ. ಅಗಸ್ತ್ಯ ತೀರ್ಥದ ದಂಡೆಗುಂಟ ಭೂತನಾಥ ಗುಡಿಯವರೆಗೆ ನಡೆದು, ಕೆಂಪು ಬಂಡೆಗಳ ನೆರಳು ಹಸಿರು ನೀರಿನಲ್ಲಿ ಅಲುಗುವುದನ್ನು ನೋಡುತ್ತ ಕಟ್ಟಿಕೊಂಡು ಹೋದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿರಿ. ಮಂಗಗಳಿವೆ, ಬುತ್ತಿಯ ಮೇಲೆ ಕೈಯಿರಲಿ. ಮೊಣಕಾಲು ನೋವಿನ ಅಜ್ಜಿ ಜೊತೆಗೆ ಬರುವ ದಿನ ಮಾತ್ರ ಕಾರು ತೆಗೆಯಿರಿ, ಅದರಲ್ಲಿ ತಪ್ಪೇನೂ ಇಲ್ಲ.